ನಾಲ್ಕನೇ ಜೊತೆ ಬೂಟು

ಲೊರೆಟ್ಟಾ ವೊಗೆಲ್‌ಗೆ ಎಣಿಸುವ ಚಟ. ಅದು ಹುಟ್ಟುಗುಣವಲ್ಲ, ಕೆಲಸ ಕಲಿಸಿದ್ದು. ಎಲ್ಡನ್‌ಬರ್ಗಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಅವಳು ತಲೆ ನರೆಯುವ ತನಕ ದುಡಿದಳು. ಚಳಿಗಾಲದ ಬೆಳಿಗ್ಗೆ ಮಕ್ಕಳು ಬೂಟು ಬಿಚ್ಚಿ ಪಡಸಾಲೆಯಲ್ಲಿ ಸಾಲಾಗಿಟ್ಟು ತರಗತಿಗೆ ಹೋದ ಮೇಲೆ, ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ ಈವತ್ತು ಎಷ್ಟು ತಟ್ಟೆ ಸೂಪು ಬೇಕೆಂದು ಹೇಳಿಬಿಡುತ್ತಿದ್ದಳು. ಮೇಷ್ಟರುಗಳು ಹಾಜರಿ ಕರೆದು ಮುಗಿಸುವಷ್ಟರಲ್ಲಿ ಅವಳ ಸೂಪು ಕುದಿಯುತ್ತಿರುತ್ತಿತ್ತು. ಮನೆಯವರು ಮುಂಗಡ ಹಣ ಕಟ್ಟುವ ಊಟದ ಖಾತೆ ಖಾಲಿಯಾದ ಮಗುವಿನ ಹೆಸರನ್ನು ಕಚೇರಿಗೆ ತಿಳಿಸಬೇಕೆಂಬ ನಿಯಮವೊಂದಿತ್ತು. ಲೊರೆಟ್ಟಾ ಒಂದು ದಿನವೂ ತಿಳಿಸಲಿಲ್ಲ. "ಮಗು ತಟ್ಟೆ ಹಿಡ್ಕೊಂಡು ಎದುರಿಗೆ ನಿಂತಿರುತ್ತೆ, ನಾನು ಚಾಡಿ ಹೇಳಕ್ಕೆ ಓಡ್ಲಾ?" ಎಂದು ಸೌಟು ಅದ್ದುತ್ತಿದ್ದಳು. ಊರಿನ ಅರ್ಧ ಜನ ಅವಳ ಸೂಪು ಕುಡಿದು ಬೆಳೆದವರೇ.

ಅಂಥವಳು ಅರವತ್ತೆಂಟನೇ ವಯಸ್ಸಿನಲ್ಲಿ ಚಾಡಿ ಹೇಳಿದಳು.

ಅವಳು ಮದುವೆಯಾಗಿ ಚೆಸ್ಟ್‌ನಟ್ ಬೀದಿಗೆ ಬಂದಾಗ ಅಲ್ಲಿ ಮನೆಮನೆಯಲ್ಲೂ ಸಂಸಾರಗಳಿದ್ದವು. ಕಾಲೇಜು ಬೆಳೆಯಿತು, ಒಬ್ಬೊಬ್ಬರೇ ಮನೆ ಮಾರಿದರು. ಕೊಂಡವರು ದೂರದ ಊರುಗಳಲ್ಲಿ ಕೂತು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಬಿಟ್ಟರು. ಈಗ ಬೀದಿಯಲ್ಲಿ ಹಳಬರೆಂದರೆ ಇಬ್ಬರೇ. ಒಬ್ಬಳು ಲೊರೆಟ್ಟಾ. ಇನ್ನೊಬ್ಬ ಎದುರು ಮನೆಯ ಕ್ಲೈಡ್ ಸ್ಟ್ರೌಡ್, ರೈಲ್ವೆಯಲ್ಲಿ ಕೆಲಸ ಮಾಡಿ ಬೆನ್ನು ಹಾಳುಮಾಡಿಕೊಂಡು ಬಂದು, ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡ ಒಂಟಿ ಮುದುಕ. ಮಿಕ್ಕ ಮನೆಗಳ ಮುಖ ಪ್ರತಿ ಆಗಸ್ಟಿಗೆ ಬದಲಾಗುತ್ತಿತ್ತು. ಲೊರೆಟ್ಟಾಳ ಮನೆಯ ಮಹಡಿಯ ಮೇಲೂ, ಬೇರೆ ಊರು ಸೇರಿದ ಮಗನ ಕೋಣೆ ಖಾಲಿ ಬಿದ್ದಿತ್ತು. ಬಾಡಿಗೆಗೆ ಕೊಡೆಂದು ಎಷ್ಟೋ ಜನ ಹೇಳಿದರು. "ವಿದ್ಯಾರ್ಥಿಗಳನ್ನ ಮನೆಯೊಳಕ್ಕೆ ಬಿಟ್ಕೊಳ್ಳೋದೂ ಒಂದೇ, ಕಸದ ಡಬ್ಬಿ ಕೆದಕೋ ರಕೂನು ಸಾಕೋದೂ ಒಂದೇ," ಎಂದು ಅವಳು ಆ ಮಾತಿಗೇ ಬಾಗಿಲು ಹಾಕಿದ್ದಳು.

ಆ ವರ್ಷ ಪಕ್ಕದ ಮನೆಗೆ ಬಂದವರು ಹುಡುಗಿಯರು. ಬಂದವರೇ ಎಲ್ಲಿಂದಲೋ ಒಂದು ಕಂದು ಬಣ್ಣದ ಸೋಫಾ ಹೊತ್ತು ತಂದು ಜಗಲಿಯ ಮೇಲೆ ಇಟ್ಟರು. ಅದು ಮಳೆಯಲ್ಲಿ ನೆನೆಯಿತು, ಬಿಸಿಲಲ್ಲಿ ನಾರಿತು, ಹಿಮದಲ್ಲಿ ಹೆಪ್ಪುಗಟ್ಟಿತು, ಒಳಗಿನ ಹತ್ತಿ ಹೊರಗೆ ಬಂತು. ಲೊರೆಟ್ಟಾಳ ಊಟದ ಮೇಜಿನಿಂದ ನೇರ ಕಾಣುತ್ತಿದ್ದದ್ದು ಅದೇ. ಎರಡು ಸಲ ಹೋಗಿ ಹೇಳಿದಳು. ಹುಡುಗಿಯರು ನಕ್ಕು, "ಈ ವಾರ ತೆಗೀತೀವಿ, ಮಿಸೆಸ್ ವೊಗೆಲ್," ಅಂದರು. ಯಾವ ವಾರವೆಂದು ಹೇಳಲಿಲ್ಲ.

ಇಷ್ಟೇ ಆಗಿದ್ದರೆ ಆ ಚಳಿಗಾಲ ಗೊಣಗಾಟದಲ್ಲೇ ಕಳೆದುಹೋಗುತ್ತಿತ್ತು. ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕೆಂಬುದು ಊರಿನ ಕಟ್ಟಳೆ. ಲೊರೆಟ್ಟಾಳ ಮೊಣಕಾಲು ಸಲಿಕೆ ಹಿಡಿಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಆ ವರ್ಷ ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಅವಳು ಹಿಂದುಗಡೆಯ ಅಡುಗೆಮನೆಯಲ್ಲಿ ಕಾಫಿ ಕುಡಿದು ಮುಂಬಾಗಿಲು ತೆರೆದರೆ, ದಾರಿ ಅಂಚಿನಿಂದ ಅಂಚಿಗೆ ಚೊಕ್ಕಟವಾಗಿರುತ್ತಿತ್ತು, ಮೆಟ್ಟಿಲ ಮೇಲೆ ಕಾಲು ಜಾರದಂತೆ ಉಪ್ಪು ಕೂಡ ಎರಚಿರುತ್ತಿತ್ತು. ಎದುರು ಮನೆಯ ಮುಂದೆಯೂ ಹಾಗೆಯೇ. ಒಂದು ಸಲ ಕ್ಲೈಡ್ ತನ್ನ ಬಾಗಿಲಲ್ಲಿ ಸಲಿಕೆಯ ಮೇಲೆ ಕೈಯೂರಿ ನಿಂತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಅಲ್ಲಿಗೆ ಎರಡಕ್ಕೆ ಎರಡು ಸೇರಿಸಿ ನಾಲ್ಕು ಮಾಡಿದಳು. ಆ ಬೆನ್ನು ಇಟ್ಟುಕೊಂಡು ಈ ಮುದುಕ ನನ್ನ ಮನೆ ದಾರಿಯ ಹಿಮವನ್ನೂ ಬಳಿಯುತ್ತಾನಲ್ಲ ಎಂದು ಕಣ್ಣು ತೇವವಾಯಿತು. ಬಾಯಿಬಿಟ್ಟು ಕೃತಜ್ಞತೆ ಹೇಳುವ ಜಾತಿ ಅವಳದಲ್ಲ. ಹಿಮ ಬಿದ್ದಾಗಲೆಲ್ಲ ಒಂದು ಚಿಕನ್ ಪೈ ಮಾಡಿ ಒಯ್ದು ಕೊಟ್ಟಳು. ಕ್ಲೈಡ್ ತೆಗೆದುಕೊಂಡ. ಯಾಕೆಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ಶನಿವಾರ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಕಾಲೇಜು ತಂಡ ಗೆದ್ದ ಸಡಗರಕ್ಕೆ ಪಕ್ಕದ ಮನೆಯಲ್ಲಿ ಕುಣಿತವಾಯಿತು. ಭಾನುವಾರ ಚರ್ಚಿಗೆ ಹೊರಟ ಲೊರೆಟ್ಟಾ ನೋಡುತ್ತಾಳೆ, ಸೋಫಾದ ಒಂದು ಕಾಲು ಮುರಿದು ಅದು ಜಗಲಿಯಿಂದ ಅರ್ಧ ಹೊರಗೆ ಜೋತುಬಿದ್ದಿದೆ, ಕೆಳಗೆ ಎರಡು ಮನೆಗಳ ನಡುವಿನ ಅವಳ ಗುಲಾಬಿ ಗಿಡ ಚಪ್ಪಟೆ. ಸೋಮವಾರ ಬೆಳಿಗ್ಗೆ ನಗರಸಭೆಗೆ ಫೋನು ಮಾಡಿದಳು.

"ಸೋಫಾ ನಮ್ ವಿಭಾಗಕ್ಕೆ ಬರಲ್ಲ ಮೇಡಂ, ಕಸದೋರಿಗೆ ಹೇಳ್ಬೇಕು," ಅಂದ ಬಾಡಿಗೆ ಮನೆ ವಿಭಾಗದ ಹುಡುಗ. ಆಮೇಲೆ ಅಭ್ಯಾಸಬಲದಿಂದ, "ಆ ಮನೇಲಿ ಎಷ್ಟು ಜನ ಇದಾರೆ?" ಎಂದು ಕೇಳಿದ.

ಗೊತ್ತಿಲ್ಲ ಅನ್ನಬಹುದಿತ್ತು. ರಕ್ತಸಂಬಂಧವಿಲ್ಲದವರು ಒಂದು ಮನೆಯಲ್ಲಿ ಮೂರಕ್ಕಿಂತ ಹೆಚ್ಚು ಇರಕೂಡದೆಂಬ ಕಾನೂನು ಎಲ್ಡನ್‌ಬರ್ಗಿನಲ್ಲಿ ಎಲ್ಲರಿಗೂ ಗೊತ್ತು. ಬಾಡಿಗೆ ಏರಿದ ಮೇಲೆ ಎಲ್ಲರೂ ಅದನ್ನು ಮುರಿಯುವುದೂ ಎಲ್ಲರಿಗೂ ಗೊತ್ತು. ಆದರೆ ಲೊರೆಟ್ಟಾಳನ್ನು ಎಷ್ಟು ಎಂದು ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುತ್ತಿತ್ತು.

"ನಾಲ್ಕು," ಅಂದಳು. "ಅಂಚೆ ಡಬ್ಬಿ ಮೇಲೆ ಮೂರು ಹೆಸರು, ಬಾಗಿಲಲ್ಲಿ ನಾಲ್ಕು ಜೊತೆ ಬೂಟು. ಹಸಿರು ಬೂಟಿನೋಳು ಕತ್ಲಲ್ಲೇ ಹೋಗ್ತಾಳೆ, ಕತ್ತಲಾದ್ಮೇಲೆ ಬರ್ತಾಳೆ. ನನ್ ಲೆಕ್ಕ ತಪ್ಪಲ್ಲಪ್ಪ."

ಅತ್ತ ಕಡೆ ಕೀಲಿಮಣೆಯ ಸದ್ದಾಯಿತು. ಫೋನಿಟ್ಟಾಗ ಅವಳಿಗೆ ಒಂದು ಬಗೆಯ ಹೆಮ್ಮೆಯೇ ಆಯಿತೆನ್ನಬೇಕು. ಆ ಸಂಜೆ ಪೈ ಕೊಡಲು ಹೋದಾಗ ಕ್ಲೈಡ್‌ಗೂ ಹೇಳಿದಳು.

"ಪಾಪ, ಹುಡುಗೀರು ಕಣೆ," ಅಂದ ಅವನು.

"ಪಾಪ ಅಂತೆ. ಹಾಗಾದ್ರೆ ಆ ಸೋಫಾ ನಿನ್ ಜಗಲಿ ಮೇಲೆ ಇಟ್ಕೋ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ನಗರಸಭೆಯ ಇನ್‌ಸ್ಪೆಕ್ಟರ್ ಬಂದ, ಮಂಚ ಎಣಿಸಿದ, ಮನೆಯೊಡೆಯನಿಗೆ ನೋಟಿಸು ಕೊಟ್ಟ. ಮನೆಯೊಡೆಯ ದೂರದ ಕೊಲಂಬಸ್ ನಗರದಿಂದ ಫೋನಿನಲ್ಲೇ ತೀರ್ಪು ಹೇಳಿದ. ಕರಾರಿನಲ್ಲಿ ಹೆಸರಿದ್ದ ಮೂವರು ಉಳಿದರು, ಇಲ್ಲದವಳು ಹೊರಡಬೇಕಾಯಿತು. ಸೋಫಾ ಜೋತುಬಿದ್ದಲ್ಲೇ ಇತ್ತು.

ಲೊರೆಟ್ಟಾ ಪರದೆಯ ಸಂದಿಯಿಂದ ನೋಡಿದಳು. ಕೆಂಪು ಉಣ್ಣೆ ಟೋಪಿಯ, ಗಿಡ್ಡ ಆಕಾರದ ಹುಡುಗಿ, ಕಾಲಲ್ಲಿ ಹಸಿರು ಬೂಟು. ಎರಡು ಚೀಲ, ಒಂದು ದಿಂಬು, ಒಂದು ದೀಪ. ಯಾರದೋ ಕಾರಿಗೆ ತುಂಬಿದಳು. ಹತ್ತುವ ಮೊದಲು ಲೊರೆಟ್ಟಾಳ ಕಿಟಕಿಯ ಕಡೆ ತಿರುಗಿ ಕೈಯೆತ್ತಿದಳು. ಲೊರೆಟ್ಟಾ ಪರದೆ ಬಿಟ್ಟುಬಿಟ್ಟಳು. ಗೊತ್ತಿಲ್ಲದ ಹುಡುಗಿ ತನಗೇಕೆ ಕೈ ಬೀಸಿದಳೆಂದು ಅರ್ಥವಾಗಲಿಲ್ಲ.

ಅರ್ಥವಾದದ್ದು ಮುಂದಿನ ಹಿಮ ಬಿದ್ದ ಬೆಳಿಗ್ಗೆ. ಬಾಗಿಲು ತೆರೆದರೆ ದಾರಿಯೇ ಇಲ್ಲ. ಮೊಣಕಾಲ ತನಕ ಬೆಳ್ಳಗೆ, ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದೂ ತಿಳಿಯದು. ಕ್ಲೈಡ್‌ಗೆ ಏನಾದರೂ ಆಯಿತೇನೋ ಎಂದು ಗಾಬರಿಯಾಗಿ, ಕೋಲೂರಿಕೊಂಡು ಬೀದಿ ದಾಟಿದಳು. ಅವನು ಆರಾಮಾಗಿ ಕುರ್ಚಿಯಲ್ಲಿ ಕೂತು, ಅವಳು ಹಿಂದಿನ ಸಲ ಕೊಟ್ಟ ಪೈಯಲ್ಲಿ ತೆಗೆದಿಟ್ಟಿದ್ದನ್ನು ತಿನ್ನುತ್ತಿದ್ದ.

"ಬದುಕಿದೀಯಾ? ಹಿಮ ತೆಗ್ದಿಲ್ಲ ನೀನು ಈವತ್ತು."

"ನಾನ್ಯಾವಾಗ ತೆಗ್ದೆ? ಬಗ್ಗಿದ್ರೆ ಏಳಕ್ಕೆ ಆಳು ಬೇಕು ನಂಗೆ. ಸಲಿಕೆ ಇರೋದು ಊರ್ಕೊಂಡು ನಿಲ್ಲಕ್ಕೆ."

"ಮತ್ತೆ ಅಷ್ಟು ದಿನ?"

"ನಿನ್ ಪಕ್ಕದ ಮನೆ ಹುಡುಗಿ ಅಲ್ವೇನೇ. ಕೆಂಪು ಟೋಪಿ. ಆಸ್ಪತ್ರೆಗೆ ಹೋಗೋಕ್ ಮುಂಚೆ ನಿಂದೂ ನಂದೂ ಬಳ್ದು ಹೋಗೋಳು. ನಿನಗ್ ಗೊತ್ತಿರತ್ತೆ ಅನ್ಕೊಂಡಿದ್ದೆ."

ಲೊರೆಟ್ಟಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಂಗಾದ್ರೆ ನನ್ ಪೈ ಯಾಕೋ ತಿಂದೆ?"

"ನೀನು ತಂದ್ಕೊಟ್ಟೆ, ನಾನು ತಿಂದೆ. ಮುದುಕನ್ ಮೇಲೆ ಕನಿಕರ ಬಂತೇನೋ ಅಂದ್ಕೊಂಡೆ." ಚಮಚ ಕೆಳಗಿಟ್ಟು ಅವಳ ಮುಖ ನೋಡಿದ. ಅವನಿಗೂ ಹೊಳೆಯಿತು. "ಅಯ್ಯೋ ಲೊರೆಟ್ಟಾ. ಆ ನಾಲ್ಕನೇ ಬೂಟು ಅವಳ್ದೇನಾ?"

ಮನೆಗೆ ಬಂದು ಅವಳು ಕೋಟೂ ಬಿಚ್ಚದೆ ಕೂತಳು. ಹಸಿರು ಬೂಟು ಯಾವಾಗಲೂ ಒದ್ದೆಯಿರುತ್ತಿದ್ದದ್ದನ್ನು ಅವಳು ಕಂಡಿದ್ದಳು. ಎಲ್ಲೆಲ್ಲಿ ಅಲೆಯುತ್ತಾಳೋ ಎಂದು ಮೂಗು ಮುರಿದಿದ್ದಳು. ಅಲೆದದ್ದು ತನ್ನ ಅಂಗಳದಲ್ಲೇ. ಹಸಿದ ಒಂದು ಮಗುವಿನ ಹೆಸರನ್ನೂ ಬಾಯಿಬಿಡದೆ ಆಯುಷ್ಯ ಕಳೆದವಳು, ತನ್ನ ದಾರಿ ಬಳಿದವಳನ್ನು ಬೀದಿಗೆ ಹಾಕಿದ್ದಳು.

ಮಧ್ಯಾಹ್ನ ಪಕ್ಕದ ಮನೆಯ ಬಾಗಿಲು ತಟ್ಟಿ ವಿಚಾರಿಸಿದಳು. ಹುಡುಗಿಯ ಹೆಸರು ರೇಲಿನ್ ಕಟ್ಲಿಪ್, ಊರು ಪಶ್ಚಿಮ ವರ್ಜೀನಿಯಾದ ಬೆಟ್ಟದ ಕಡೆ, ನರ್ಸಿಂಗ್ ಓದಿನ ಕೊನೆಯ ಅವಧಿ. ಸದ್ಯ ಗೆಳತಿಯೊಬ್ಬಳ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಾಳೆ. ಆ ಮನೆಯಲ್ಲೂ ಆಗಲೇ ಮೂವರು, ಹೆಚ್ಚು ದಿನ ಇರುವಂತಿಲ್ಲ. ಈ ಊರಿನ ಕರಾರುಗಳೆಲ್ಲ ಆಗಸ್ಟಿನಿಂದ ಆಗಸ್ಟಿಗೆ, ಅದಕ್ಕೂ ಹಿಂದಿನ ಅಕ್ಟೋಬರಿನಲ್ಲೇ ಸಹಿ ಬಿದ್ದಿರುತ್ತದೆ. ಫೆಬ್ರವರಿಯಲ್ಲಿ ಒಂದು ಕೋಣೆ ಹುಡುಕುವುದೆಂದರೆ ಮರಳಲ್ಲಿ ಎಣ್ಣೆ ಹಿಂಡಿದಂತೆ. "ಓದು ಬಿಟ್ಟು ಊರಿಗೆ ಹೋಗ್ತೀನಿ ಅಂತಿದಾಳೆ," ಅಂದಳು ಬಾಗಿಲಲ್ಲಿ ನಿಂತ ಹುಡುಗಿ.

"ಅವಳಿಗೆ ಫೋನ್ ಮಾಡು," ಅಂದಳು ಲೊರೆಟ್ಟಾ. "ನನ್ ಮಹಡಿ ಮೇಲೆ ಒಂದು ಕೋಣೆ ಇದೆ."

ರೇಲಿನ್ ಆ ಸಂಜೆಯೇ ಬಂದಳು. ದಿಂಬನ್ನು ಅಪ್ಪಿಕೊಂಡು ಬಾಗಿಲಲ್ಲಿ ನಿಂತು, ಮಾತಾಡಲು ಹೋಗಿ ಅತ್ತುಬಿಟ್ಟಳು. ಬಾಡಿಗೆಯ ಮಾತೆತ್ತಿದಳು.

"ಬಾಡಿಗೆ ಗೀಡಿಗೆ ಏನೂ ಬೇಡ ಮಗಳೇ. ನೀನು ನೆಂಟಳು ಇಲ್ಲಿ. ಬೂಟು ಬಿಚ್ಚಿ ಅಲ್ಲಿಡು, ಊಟಕ್ಕೆ ಬಾ."

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮಿಸ್ ಲೊರೆಟ್ಟಾ," ಅಂದಳು ಹುಡುಗಿ. ಅವರ ಕಡೆ ದೊಡ್ಡವರನ್ನು ಕರೆಯುವ ರೀತಿ ಅದು, ಗೌರವವೂ ಸಲಿಗೆಯೂ ಕೂಡಿದ್ದು. ಲೊರೆಟ್ಟಾಳನ್ನು ಹಾಗೆ ಯಾರೂ ಕರೆದಿರಲಿಲ್ಲ. ಒಳಗೆ ಬೆಚ್ಚಗಾಯಿತು, ಮರುಕ್ಷಣವೇ ಚುಚ್ಚಿತು.

ಮುಂದಿನ ದಿನಗಳು ಹಾಗೆಯೇ ಹೋದವು. ಬೆಚ್ಚಗೆ, ಚುಚ್ಚುತ್ತ. ರೇಲಿನ್ ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ ಹೋಗುತ್ತಿದ್ದಳು. ಸಂಜೆ ಮೇಜಿನ ಮೇಲೆ ಪುಸ್ತಕ ಹರಡಿ ಔಷಧಿಗಳ ಹೆಸರು ಉರುಹೊಡೆಯುತ್ತಿದ್ದಳು, ಲೊರೆಟ್ಟಾ ಸೂಪು ಕಲಕುತ್ತ ಕೇಳಿಸಿಕೊಳ್ಳುತ್ತಿದ್ದಳು. ದಾರಿ ಮತ್ತೆ ಚೊಕ್ಕಟವಾಗತೊಡಗಿತು. ಯಾಕೆ ಮಗು ಅಷ್ಟು ದಿನ ಸುಮ್ಮನೆ ಮಾಡಿದೆ ಎಂದು ಒಮ್ಮೆ ಕೇಳಿದರೆ, "ನಮ್ಮಜ್ಜಿ ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡ್ಳು. ವಯಸ್ಸಾದೋರ ಮನೆ ಮುಂದೆ ಹಿಮ ಕಂಡ್ರೆ ಕಾಲು ಮುಂದಕ್ಕೆ ಹೋಗಲ್ಲ ನಂಗೆ," ಅಂದಳು. ಚರ್ಚಿನ ಹೆಂಗಸರಿಗೆ ಸುದ್ದಿ ಮುಟ್ಟಿತು. ಎಂಥ ದೊಡ್ಡ ಮನಸ್ಸು ಲೊರೆಟ್ಟಾಳದು ಎಂದು ಕೈ ಹಿಡಿದು ಅಮುಕಿದರು. ಅವಳು ಕೈ ಬಿಡಿಸಿಕೊಂಡು, ಒಲೆ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಮನೆಗೆ ಬಂದಳು.

ಒಂದು ಸಂಜೆ ಹುಡುಗಿಯೇ ಆ ಮಾತು ತೆಗೆದಳು. "ನಗರಸಭೆಗೆ ಹೇಳಿದ್ದು ಯಾರು ಅಂತ ನಂಗ್ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಲೊರೆಟ್ಟಾಳ ಕೈ ಕುತ್ತಿಗೆಗೆ ಹೋಯಿತು.

"ಆ ಎದುರು ಮನೆ ಮುದುಕ. ಯಾವಾಗ್ ನೋಡಿದ್ರೂ ಕಿಟಕೀಲಿ ಕೂತಿರ್ತಾನೆ. ಬೇರೆ ಯಾರಿದಾರೆ ಈ ಬೀದೀಲಿ ನಮ್ಮನ್ನ ನೋಡೋರು? ಅವ್ನ ಮನೆ ಮುಂದೇನೂ ಬಳೀತಿದ್ದೆನಲ್ಲ ಮಿಸ್ ಲೊರೆಟ್ಟಾ, ಅದೇ ಹೊಟ್ಟೆ ಉರಿಯತ್ತೆ."

ಆಗ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. "ಸೂಪು ಆರ್ಹೋಗತ್ತೆ, ಕುಡಿ," ಎಂಬುದು ಹೊರಬಂತು.

ಹೇಳಿದರೆ ಹುಡುಗಿ ಹೊರಟುಹೋಗುತ್ತಾಳೆ, ಓದು ಹಾಳಾಗುತ್ತದೆ, ಅವಳಿಗೋಸ್ಕರವೇ ಸುಮ್ಮನಿದ್ದೇನೆ ಎಂದು ಲೊರೆಟ್ಟಾ ತನಗೆ ತಾನೇ ಹೇಳಿಕೊಂಡಳು. ಸ್ವಂತ ಮಾನ ಉಳಿಸಿಕೊಳ್ಳುವ ಕೆಲಸಕ್ಕೆ ಪರೋಪಕಾರದ ಹೊದಿಕೆ ಬಲು ಬೆಚ್ಚಗಿರುತ್ತದೆ. ಆದರೆ ಎದುರುಗಡೆ, ಹುಡುಗಿ ಈಗ ಮುಟ್ಟದ ಕ್ಲೈಡ್‌ನ ಮನೆಯ ಮುಂದೆ ಹಿಮ ಬಿದ್ದು, ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಳೆಯಂತಾಗುತ್ತಿತ್ತು. ಅದನ್ನು ದಾಟಿ ಅವನು ಅಂಚೆ ಡಬ್ಬಿಗೆ ಬರುವುದನ್ನು ಅವಳು ಕಿಟಕಿಯಿಂದ ಹೆಜ್ಜೆ ಹೆಜ್ಜೆಯನ್ನೂ ಎಣಿಸುತ್ತ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಅವನ ಬಳಿಗೆ ಹೋದಳು.

"ನಿನ್ ಹುಡುಗಿಗೆ ನಮಸ್ಕಾರ ಅಂದೆ, ಮುಖ ತಿರುಗಿಸ್ಕೊಂಡು ಹೋದ್ಳು," ಅಂದ ಕ್ಲೈಡ್.

"ನೀನೇ ಹೇಳಿದ್ದು ಅನ್ಕೊಂಡಿದಾಳೆ."

"ಅಷ್ಟು ಗೊತ್ತಾಯ್ತು ನಂಗೆ."

"ನೀನ್ಯಾಕೆ ನಾನಲ್ಲ ಅನ್ಲಿಲ್ಲ?"

"ನಾನಲ್ಲ ಅಂದ್ರೆ ಮುಂದಿನ್ ಮಾತು ಯಾರು ಅಂತ ಬರತ್ತೆ." ಅವನು ಕಿಟಕಿಯಾಚೆ ನೋಡಿದ. "ನೋಡು, ಅವಳಿಗೆ ಸೇರ್ಬೇಕಾದ ಪೈ ನಾನು ತಿಂದೆ. ಹಿಮ ಬಳಿಯೋದು ಅವಳು ಅಂತ ಆಗ್ಲೇ ಒಂದ್ ಮಾತು ಹೇಳಿದ್ದಿದ್ರೆ ನೀನು ಆ ಫೋನು ಮಾಡ್ತಿರ್ಲಿಲ್ಲ. ಈಗ ನಿನಗೆ ಸೇರ್ಬೇಕಾದ ಬೈಗುಳ ತಿಂತಿದೀನಿ. ಸರಿಹೋಯ್ತು ಬಿಡು."

ತಮಾಷೆಗೆ ಅಂದದ್ದು. ಲೊರೆಟ್ಟಾಗೆ ನಗು ಬರಲಿಲ್ಲ.

ಮಾರ್ಚಿನಲ್ಲಿ, ಇನ್ನೇನು ಚಳಿಗಾಲ ಮುಗಿಯಿತು ಎನ್ನುವಾಗ ಮತ್ತೊಮ್ಮೆ ಜೋರಾಗಿ ಬಿತ್ತು. ಅಂದು ಭಾನುವಾರ, ರೇಲಿನ್‌ಗೆ ರಜೆ, ಇನ್ನೂ ಮಲಗಿದ್ದಳು. ಲೊರೆಟ್ಟಾ ಸತ್ತ ಗಂಡನ ಸಲಿಕೆ ಹುಡುಕಿ ತೆಗೆದು ಬೀದಿ ದಾಟಿ, ಕ್ಲೈಡ್‌ನ ಮನೆಯ ಮುಂದೆ ಹಿಮ ಕೆರೆಯತೊಡಗಿದಳು. ನಾಲ್ಕು ಸಲ ಎತ್ತಿಹಾಕುವಷ್ಟರಲ್ಲಿ ಮೊಣಕಾಲು ನಡುಗಿತು. ಅಷ್ಟರಲ್ಲಿ ಹಿಂದಿನಿಂದ ಓಡಿ ಬರುವ ಸದ್ದಾಯಿತು. ರೇಲಿನ್, ರಾತ್ರಿ ಉಡುಪಿನ ಮೇಲೆ ಕೋಟು, ಹಸಿರು ಬೂಟು.

"ಏನ್ ಮಾಡ್ತಿದೀರಾ ನೀವು? ಬಿದ್ದು ಗಿದ್ದೀರ. ಅದೂ ಈ ಮನುಷ್ಯನಿಗಾಗಿ?"

"ಈ ಮನುಷ್ಯ ಏನೂ ಮಾಡಿಲ್ಲ ಕಣೆ." ಲೊರೆಟ್ಟಾ ಸಲಿಕೆಯ ಮೇಲೆ ಭಾರ ಬಿಟ್ಟು ನಿಂತಳು. "ಫೋನು ಮಾಡಿದ್ದು ನಾನು. ಸೋಫಾ ವಿಷಯ ಹೇಳಕ್ ಮಾಡ್ದೆ. ಎಷ್ಟು ಜನ ಅಂತ ಕೇಳಿದ. ಬೂಟು ಎಣಿಸಿದ್ದೆ. ನಾಲ್ಕು ಅಂದೆ."

ಹುಡುಗಿಯ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ತನ್ನ ಬೂಟನ್ನು ನೋಡಿಕೊಂಡಳು, ಆಮೇಲೆ ಲೊರೆಟ್ಟಾಳ ಮನೆಯನ್ನು, ಮಹಡಿಯ ಕಿಟಕಿಯನ್ನು.

"ಅದಕ್ಕೇ ಕರೆದ್ರಾ ನನ್ನ?"

"ಹೂಂ," ಅಂದಳು ಲೊರೆಟ್ಟಾ. ಅಲ್ಲ, ಅಷ್ಟೇ ಅಲ್ಲ ಎಂದು ಹೇಳಬೇಕೆನಿಸಿತು. ಹೇಳುವ ಅಧಿಕಾರ ತನಗಿದೆ ಎನಿಸಲಿಲ್ಲ.

ರೇಲಿನ್ ಅವಳ ಕೈಯಿಂದ ಸಲಿಕೆ ತೆಗೆದುಕೊಂಡಳು. ಕ್ಲೈಡ್‌ನ ದಾರಿಯನ್ನು ಅಂಚಿನಿಂದ ಬಾಗಿಲ ತನಕ ಬಳಿದಳು, ಉಪ್ಪು ಎರಚಿದಳು, ಬಾಗಿಲು ತಟ್ಟಿ ಅವನಿಗೆ ಏನೋ ಹೇಳಿದಳು. ಅವನು ತಲೆಯಾಡಿಸುತ್ತ ಅವಳ ಭುಜ ತಟ್ಟಿದ್ದು ಈಚೆಯಿಂದ ಕಂಡಿತು. ಲೊರೆಟ್ಟಾ ಮನೆಗೆ ಬಂದು ಮೇಜಿನ ಮುಂದೆ ಕೂತಳು. ಈಗ ಮೇಲೆ ಹೋಗಿ ಚೀಲ ಕಟ್ಟುತ್ತಾಳೆ ಎಂದು ಕಾದಳು.

ಹುಡುಗಿ ಬಂದಳು. ಮೇಲೆ ಹೋಗಲಿಲ್ಲ, ಎದುರು ಕುರ್ಚಿ ಎಳೆದು ಕೂತಳು.

"ನಂಗೆ ಹೋಗಕ್ಕೆ ಬೇರೆ ಜಾಗ ಇಲ್ಲ, ಮಿಸೆಸ್ ವೊಗೆಲ್."

ಮಿಸ್ ಲೊರೆಟ್ಟಾ ಹೋಗಿತ್ತು. ಅದು ಕಪಾಳಕ್ಕೆ ಹೊಡೆದಂತೆ ತಾಕಿತು, ಹುಡುಗಿ ದನಿಯೇರಿಸಿರಲಿಲ್ಲವಾದರೂ.

"ಇರು ಮಗು. ನಿನ್ ಮನೇನೇ ಇದು. ನೆಂಟಳಾಗಿ..."

"ನೆಂಟಳಾಗಿ ಬೇಡ. ನೆಂಟರನ್ನ ಯಾವತ್ತು ಬೇಕಾದ್ರೂ ಏಳು ಅನ್ನಬೋದು. ಅಲ್ಲಿ ನನ್ ಹೆಸ್ರು ಕಾಗದದ ಮೇಲೆ ಇರ್ಲಿಲ್ಲ, ಅದಕ್ಕೇ ನಾನೇ ಹೋಗ್ಬೇಕಾಯ್ತು. ಇಲ್ಲಿ ಇರ್ಬೇಕು. ಬಾಡಿಗೆ ಅಲ್ಲಿ ಕೊಡ್ತಿದ್ದಷ್ಟೇ ಕೊಡ್ತೀನಿ."

ತನ್ನ ಪುಸ್ತಕದಿಂದ ಒಂದು ಹಾಳೆ ಹರಿದು, ಔಷಧಿಗಳ ಪಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡು ಬರೆದಳು. ರೇಲಿನ್ ಕಟ್ಲಿಪ್, ಮಹಡಿಯ ಕೋಣೆ, ಆಗಸ್ಟಿನ ತನಕ. ಯಾವ ಕಾರಣಕ್ಕೂ ನಡುವೆ ಬಿಡಿಸುವಂತಿಲ್ಲ. ಅಡುಗೆಮನೆಯ ಬಳಕೆ ಇಬ್ಬರಿಗೂ. ಬರೆಯುವುದನ್ನು ಒಂದು ಕ್ಷಣ ನಿಲ್ಲಿಸಿ ಕೊನೆಯ ಸಾಲು ಸೇರಿಸಿದಳು. ಮನೆಯ ಮುಂದಿನ ಹಿಮ ತೆಗೆಯುವುದು ಮನೆಯೊಡತಿಯ ಕೆಲಸ.

"ರಾತ್ರಿ ಊಟ ನಾನೇ ಮಾಡ್ತೀನಿ ಅಂತ ಬರೀಲಾ?" ಎಂದು ಕೇಳಿದಳು ಲೊರೆಟ್ಟಾ.

"ಬೇಡ."

ಲೊರೆಟ್ಟಾ ಸಹಿ ಹಾಕಿದಳು. ಅಂದೇ ಮಧ್ಯಾಹ್ನ ಒಂದು ಪಟ್ಟಿಯ ಮೇಲೆ ದೊಡ್ಡಕ್ಷರದಲ್ಲಿ ಕಟ್ಲಿಪ್ ಎಂದು ಬರೆದು, ಅಂಚೆ ಡಬ್ಬಿಯ ಮೇಲೆ ವೊಗೆಲ್ ಎಂಬುದರ ಕೆಳಗೆ ಅಂಟಿಸಿದಳು. ಹುಡುಗಿ ಅದನ್ನು ನೋಡಿಕೊಂಡು ಒಳಗೆ ಹೋದಳು.

ಆ ವರ್ಷ ಇನ್ನೆರಡು ಸಲ ಹಿಮ ಬಿತ್ತು. ರೇಲಿನ್ ಎದ್ದು ಕ್ಲೈಡ್‌ನ ದಾರಿ ಬಳಿದು ಆಸ್ಪತ್ರೆಗೆ ಹೋದಳು. ಲೊರೆಟ್ಟಾ ತನ್ನ ದಾರಿಯನ್ನು ತಾನೇ ಬಳಿದಳು. ನಡುನಡುವೆ ನಿಂತು, ಸೊಂಟ ಹಿಡಿದುಕೊಂಡು, ಮಧ್ಯಾಹ್ನದ ತನಕ. ಒಬ್ಬರು ನಡೆಯುವಷ್ಟು ಅಗಲ ಮಾಡಿದರೂ ಸಾಕಿತ್ತು, ಆದರೆ ಅವಳು ಅಂಚಿನಿಂದ ಅಂಚಿಗೆ ತೆಗೆದಳು, ಉಪ್ಪನ್ನೂ ಎರಚಿದಳು. ಸಂಜೆ ಹುಡುಗಿ ಅದೇ ದಾರಿಯಲ್ಲಿ ಬಂದಳು, "ನಮಸ್ಕಾರ ಮಿಸೆಸ್ ವೊಗೆಲ್," ಎಂದು ಮರ್ಯಾದೆಯಿಂದಲೇ ಹೇಳಿದಳು. ಬಾಗಿಲಲ್ಲಿ ಬಗ್ಗಿ ಹಸಿರು ಬೂಟು ಬಿಚ್ಚಿದಳು. ಬಿಚ್ಚಿ ಅಲ್ಲಿಡಲಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದು, ನೀರು ತೊಟ್ಟಿಕ್ಕದಂತೆ ಕೆಳಗೆ ಬಟ್ಟೆ ಹಿಡಿದು, ಮಹಡಿಗೆ ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು.

ಹಿಮ ಕರಗಿ ಬೂಟು ಹೋಗಿ ಚಪ್ಪಲಿ ಬಂದರೂ ಆಗಸ್ಟಿನ ತನಕ ಹಾಗೆಯೇ ನಡೆಯಿತು. ಕೆಳಗೆ ಬಾಗಿಲ ಬಳಿ ಲೊರೆಟ್ಟಾಳ ಸ್ವಂತ ಒಂದು ಜೊತೆ ಮಾತ್ರ ಇರುತ್ತಿತ್ತು. ಹೋಗುತ್ತ ಬರುತ್ತ ಅವಳ ಕಣ್ಣು ಅಲ್ಲಿಗೆ ಹೋಗುತ್ತಿತ್ತು, ಚಟ ಬಿಡದೆ ಎಣಿಸುತ್ತಿತ್ತು. ಒಂದು.